ಮಗುವಿಗೆ ಹುಷಾರಿಲ್ಲದಾಗ ಏನು ನೋಡಬೇಕು, ಯಾವಾಗ ಹೊರಡಬೇಕು

ಮಕ್ಕಳಿಗೆ ಬರುವ ಹೆಚ್ಚಿನ ಕಾಯಿಲೆಗಳು ತಾವಾಗಿಯೇ ಇಳಿಯುತ್ತವೆ. ನೆಗಡಿ ಒಂದು ವಾರ ಕಾಡಿಸಿ ಹೋಗುತ್ತದೆ, ವೈರಲ್ ಜ್ವರ ಮೂರ್ನಾಲ್ಕು ದಿನ ಇದ್ದು ಬಿಡುತ್ತದೆ, ಭೇದಿಯೂ ಅಷ್ಟೇ. ಆದರೆ ಹೀಗೆ ಶುರುವಾದ ಕೆಲವು ಮಾತ್ರ ಕೆಲವೇ ಗಂಟೆಗಳಲ್ಲಿ ಕೈಮೀರುತ್ತವೆ. ಆ ಕೆಲವನ್ನು ಬೇಗ ಗುರುತಿಸುವುದೇ ಮನೆಯವರು ಕಲಿಯಬೇಕಾದ ದೊಡ್ಡ ವಿದ್ಯೆ. ಹಾಸನ ಪೇಟೆಯಲ್ಲೋ ಚಿಕ್ಕಮಗಳೂರು ಪೇಟೆಯಲ್ಲೋ ಇರುವವರಿಗೆ ಅನುಮಾನ ಬಂದ ಅರ್ಧ ಗಂಟೆಯಲ್ಲಿ ಮಕ್ಕಳ ಡಾಕ್ಟರ್ ಸಿಗುತ್ತಾರೆ. ಹೆತ್ತೂರು, ಕೊಟ್ಟಿಗೆಹಾರ, ಕಳಸದ ಒಳಭಾಗದವರಿಗೆ ಹಾಗಲ್ಲ. ಸಕಲೇಶಪುರದಿಂದ ಹಾಸನಕ್ಕೆ ಸುಮಾರು 40 ಕಿ.ಮೀ., ಮೂಡಿಗೆರೆಯಿಂದ ಚಿಕ್ಕಮಗಳೂರಿಗೆ ಸುಮಾರು 30. ಅದಕ್ಕೂ ಮೊದಲು ತೋಟದ ಮಣ್ಣು ರಸ್ತೆ ದಾಟಬೇಕು. ಆಷಾಢದ ಮಳೆಯಲ್ಲಿ ರಸ್ತೆಗೆ ಮರ ಬಿದ್ದಿರಬಹುದು, ಕರೆಂಟ್ ಹೋಗಿ ಮೊಬೈಲ್ ಸಿಗ್ನಲ್ ಕೂಡ ಇರದೆ ಹೋಗಬಹುದು. ಹಾಗಾಗಿ ‘ಬೆಳಗಾಗಲಿ, ನೋಡೋಣ’ ಎನ್ನಬಹುದೋ, ‘ಈಗಲೇ ಜೀಪು ತೆಗೆಯಿರಿ’ ಎನ್ನಬೇಕೋ ಎಂಬ ತೀರ್ಮಾನವನ್ನು ನಮ್ಮ ಕಡೆಯ ತಂದೆತಾಯಿಯರು ಎಷ್ಟೋ ಸಲ ತಾವೇ ಮಾಡಬೇಕಾಗುತ್ತದೆ.

ಆ ತೀರ್ಮಾನಕ್ಕೆ ಕಾಯಿಲೆಯ ಹೆಸರು ಗೊತ್ತಿರಬೇಕಿಲ್ಲ. ಐದು ವರ್ಷದೊಳಗಿನ ಮಗುವಿನಲ್ಲಿ ನಾಲ್ಕು ಸಂಗತಿ ನೋಡಿ ಎಂದು ಅಂಗನವಾಡಿ, ಆಶಾ ಕಾರ್ಯಕರ್ತೆಯರಿಗೆ ತರಬೇತಿಯಲ್ಲೇ ಹೇಳಿಕೊಡುತ್ತಾರೆ. ಮಗು ಹಾಲನ್ನೋ ನೀರನ್ನೋ ಕುಡಿಯಲಾಗದಷ್ಟು ಸೋತಿದೆಯೇ? ಕುಡಿದದ್ದೆಲ್ಲ ವಾಂತಿಯಾಗುತ್ತಿದೆಯೇ? ಈ ಕಾಯಿಲೆಯಲ್ಲಿ ಫಿಟ್ಸ್ ಬಂದಿದೆಯೇ? ಕರೆದರೆ ಕಣ್ಣು ಬಿಡದೆ ಮಂಕಾಗಿ ಬಿದ್ದುಕೊಂಡಿದೆಯೇ? ಇವುಗಳಲ್ಲಿ ಒಂದಿದ್ದರೂ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಬೇಕು. ಎರಡು ತಿಂಗಳೊಳಗಿನ ಕೂಸಿನ ವಿಷಯದಲ್ಲಿ ಇನ್ನೂ ಬಿಗಿಯಾಗಿರಬೇಕು. ಮೈ ಬಿಸಿಯಾದರೂ ಹೊರಡಿ, ಮೈ ತಣ್ಣಗಾದರೂ ಹೊರಡಿ, ಹಾಲು ಬಿಟ್ಟರೂ ಹೊರಡಿ. ಅಷ್ಟು ಎಳೆಯ ಮಕ್ಕಳಲ್ಲಿ ಸೋಂಕು ರಕ್ತಕ್ಕೆ ಹರಡುವುದು ಬಹಳ ಬೇಗ, ಹೊರಗೆ ಕಾಣುವ ಲಕ್ಷಣ ಮಾತ್ರ ಬಹಳ ಕಡಿಮೆ.

ಜ್ವರದ ವಿಷಯಕ್ಕೆ ಬರೋಣ, ಎಲ್ಲರನ್ನೂ ಹೆದರಿಸುವುದು ಅದೇ. 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ. ಹಣೆ ಮುಟ್ಟಿ ಅಂದಾಜು ಮಾಡುವ ಬದಲು ಮನೆಯಲ್ಲಿ ಒಂದು ಡಿಜಿಟಲ್ ಥರ್ಮಾಮೀಟರ್ ಇಟ್ಟುಕೊಂಡು, ಕಂಕುಳಲ್ಲಿಟ್ಟು ನೋಡಿ. ಆದರೆ ಅದರ ಅಂಕಿಗಿಂತ ಮಗುವಿನ ನಡವಳಿಕೆಗೆ ಹೆಚ್ಚು ಬೆಲೆ ಕೊಡಿ. 103 ಡಿಗ್ರಿ ಇದ್ದೂ ಔಷಧಿ ಕುಡಿದ ಮುಕ್ಕಾಲು ಗಂಟೆಗೆ ಎದ್ದು ಕೂತು ಬಿಸ್ಕತ್ತು ಕೇಳುವ ಮಗುವಿಗಿಂತ, 100 ಡಿಗ್ರಿಯಲ್ಲೇ ಯಾರನ್ನೂ ನೋಡದೆ ಮಲಗಿರುವ ಮಗು ನನಗೆ ಹೆಚ್ಚು ಚಿಂತೆಯ ವಿಷಯ. ಜ್ವರ ದೇಹವು ಸೋಂಕಿನ ಎದುರು ಹೂಡುವ ಹೋರಾಟದ ಭಾಗ. ಔಷಧಿ ಕೊಡುವುದು ಮಗುವಿನ ಮೈಕೈ ನೋವು, ಸಂಕಟ ಕಡಿಮೆಯಾಗಿ ಅದು ನಾಲ್ಕು ಗುಟುಕು ಕುಡಿಯಲಿ ಎಂದು. ಥರ್ಮಾಮೀಟರನ್ನು 98ಕ್ಕೆ ಇಳಿಸಲೇಬೇಕೆಂಬ ಹಟ ಬೇಡ.

ಆ ಔಷಧಿ ಎಂದರೆ ಪ್ಯಾರಾಸಿಟಮಾಲ್. ಅದರ ಅಳತೆ ನಿಂತಿರುವುದು ಮಗುವಿನ ತೂಕದ ಮೇಲೆ. ಒಂದು ಸಲಕ್ಕೆ ಪ್ರತಿ ಕಿಲೋ ತೂಕಕ್ಕೆ 10ರಿಂದ 15 ಮಿಲಿಗ್ರಾಂ, ಎರಡು ಸಲದ ನಡುವೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಅಂತರ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ. ಇಲ್ಲೇ ಅನಾಹುತಕ್ಕೆ ದಾರಿಯಿದೆ, ಸ್ವಲ್ಪ ಹತ್ತಿರದಿಂದ ನೋಡಿ. ಔಷಧಿ ಅಂಗಡಿಯಲ್ಲಿ ಇದು ಮೂರು ಬಗೆಯ ಬಾಟಲಿಯಲ್ಲಿ ಸಿಗುತ್ತದೆ. ಒಂದರ ಮೇಲೆ 5 ಮಿಲಿಲೀಟರಿಗೆ 125 ಮಿಲಿಗ್ರಾಂ ಎಂದಿರುತ್ತದೆ, ಇನ್ನೊಂದರ ಮೇಲೆ 5 ಮಿಲಿಲೀಟರಿಗೆ 250. ಕೂಸುಗಳಿಗೆಂದು ಬರುವ ಚಿಕ್ಕ ಡ್ರಾಪ್ಸ್ ಬಾಟಲಿಯಲ್ಲಿ ಒಂದೇ ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಹತ್ತು ಕಿಲೋ ತೂಗುವ ಮಗುವಿಗೆ 150 ಮಿಲಿಗ್ರಾಂ ಕೊಡಬೇಕು ಎಂದಿಟ್ಟುಕೊಳ್ಳಿ. ಮೊದಲನೆಯದರಲ್ಲಿ ಅದು 6 ಮಿಲಿಲೀಟರ್, ಎರಡನೆಯದರಲ್ಲಿ 3, ಡ್ರಾಪ್ಸ್‌ನಲ್ಲಿ ಒಂದೂವರೆ ಮಾತ್ರ. ಸಿರಪ್ಪಿನ ಲೆಕ್ಕ ನೆನಪಿಟ್ಟುಕೊಂಡು ಡ್ರಾಪ್ಸ್ ಬಾಟಲಿಯಿಂದ 6 ಮಿಲಿಲೀಟರ್ ಕುಡಿಸಿದರೆ ಮಗುವಿಗೆ ಹೋದದ್ದು ನಾಲ್ಕು ಪಟ್ಟು. ಅದನ್ನೇ ದಿನಕ್ಕೆ ಮೂರ್ನಾಲ್ಕು ಸಲ ಮಾಡಿದರೆ ಲಿವರ್ ಕೆಡುತ್ತದೆ. ಚಿಕ್ಕ ಬಾಟಲಿ ಎಂದರೆ ಸೌಮ್ಯ ಔಷಧಿ ಎಂದು ಬಹಳ ಜನ ಅಂದುಕೊಂಡಿದ್ದಾರೆ, ಗಾಢವಾದದ್ದು ಅದೇ. ಅಳೆಯುವುದಕ್ಕೆ ಅಡುಗೆಮನೆ ಚಮಚ ಬೇಡ, ಜೊತೆಗೆ ಬರುವ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬಳಸಿ. ಯಾವ ಬಾಟಲಿ, ಎಷ್ಟು ಕೊಟ್ಟಿರಿ, ಎಷ್ಟು ಗಂಟೆಗೆ ಎಂಬುದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಡಿ. ಅಪ್ಪ ಕೊಟ್ಟದ್ದು ಗೊತ್ತಿಲ್ಲದೆ ಅಜ್ಜಿ ಮತ್ತೊಂದು ಸಲ ಕೊಡುವುದು ಆಗ ತಪ್ಪುತ್ತದೆ. ಮಕ್ಕಳಿಗೆ ಆಸ್ಪಿರಿನ್ ಯಾವತ್ತೂ ಬೇಡ.

ಜ್ವರ ಬಂದ ಮಗುವಿಗೆ ಕಂಬಳಿ ಮೇಲೆ ಕಂಬಳಿ ಹೊದಿಸಿ, ಟೋಪಿ ಹಾಕಿ, ಕಿಟಕಿ ಮುಚ್ಚುವುದು ನಮ್ಮ ಮಲೆನಾಡಿನ ಹಳೆಯ ರೂಢಿ. ಚಳಿಯ ಊರು, ಅರ್ಥವಾಗುವ ರೂಢಿಯೇ. ಆದರೆ ಹಾಗೆ ಸುತ್ತಿದರೆ ಮೈಯ ಬಿಸಿ ಹೊರಹೋಗಲು ದಾರಿಯಿಲ್ಲದೆ ಜ್ವರ ಏರುತ್ತದೆ. ನಡುಕ ಬರುವಾಗ ತೆಳುವಾಗಿ ಹೊದಿಸಿ, ನಡುಕ ನಿಂತ ಮೇಲೆ ತೆಗೆಯಿರಿ. ಒರೆಸುವುದಾದರೆ ಉಗುರು ಬೆಚ್ಚಗಿನ ನೀರು. ತಣ್ಣೀರಿಗೆ ಮಗು ನಡುಗುತ್ತದೆ, ನಡುಗಿದಷ್ಟೂ ಒಳಗಿನ ಬಿಸಿ ಹೆಚ್ಚುತ್ತದೆ.

ಜ್ವರದಲ್ಲಿ ಬರುವ ಫಿಟ್ಸ್ ನೋಡಿದವರಿಗೆ ಅದನ್ನು ಮರೆಯಲಾಗುವುದಿಲ್ಲ. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ, ಕೈಕಾಲು ಸೆಟೆದು ಅದುರಿ, ಬಾಯಲ್ಲಿ ನೊರೆ ಬಂದರೆ ಮಗು ಕೈಬಿಟ್ಟು ಹೋಯಿತು ಎಂದೇ ಅನ್ನಿಸುತ್ತದೆ. ‘ಬಾಲಗ್ರಹ’ ಎಂದು ಹಿಂದಿನವರು ಹೆದರುತ್ತಿದ್ದದ್ದು ಇದಕ್ಕೇ. ಆರು ತಿಂಗಳಿಂದ ಐದು ವರ್ಷದ ಒಳಗಿನ ನೂರು ಮಕ್ಕಳಲ್ಲಿ ಎರಡರಿಂದ ಐದು ಮಕ್ಕಳಿಗೆ ಒಮ್ಮೆಯಾದರೂ ಇದು ಬರುತ್ತದೆ. ಹೆಚ್ಚಿನ ಸಲ ಐದು ನಿಮಿಷದೊಳಗೆ ತಾನಾಗಿಯೇ ನಿಲ್ಲುತ್ತದೆ, ಮಿದುಳಿಗೆ ಹಾನಿ ಮಾಡುವುದಿಲ್ಲ. ಆ ಐದು ನಿಮಿಷದಲ್ಲಿ ಮನೆಯವರು ಗಾಬರಿಯಿಂದ ಮಾಡುವುದೇ ಹೆಚ್ಚು ಅಪಾಯ. ಹಲ್ಲಿನ ನಡುವೆ ಚಮಚ ತುರುಕಿದರೆ ಹಲ್ಲು ಮುರಿದು ಗಂಟಲಿಗೆ ಹೋಗಬಹುದು. ಬಾಯಿಗೆ ನೀರು ಬಿಟ್ಟರೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಕೈಗೆ ಕಬ್ಬಿಣ ಹಿಡಿಸುವುದರಿಂದ, ಮೂಗಿಗೆ ಈರುಳ್ಳಿ ಹಿಡಿಯುವುದರಿಂದ ಏನೂ ಆಗುವುದಿಲ್ಲ, ಹೊತ್ತು ಹೋಗುತ್ತದೆ. ಮಾಡಬೇಕಾದದ್ದು ಇಷ್ಟು: ಮಗುವನ್ನು ಚಾಪೆಯ ಮೇಲೆ ಒಂದು ಮಗ್ಗುಲಾಗಿ ಮಲಗಿಸಿ, ಕತ್ತಿನ ಗುಂಡಿ ಬಿಚ್ಚಿ, ಸುತ್ತಲಿನ ಗಟ್ಟಿ ಸಾಮಾನು ಸರಿಸಿ, ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ನಿಂತು ಮತ್ತೆ ಬಂದರೆ 108ಕ್ಕೆ ಕರೆ ಮಾಡಿ, ಸ್ವಂತ ವಾಹನವಿದ್ದರೆ ಹೊರಡಿ. ಬೇಗ ನಿಂತರೂ ಮೊದಲ ಸಲ ಬಂದ ಫಿಟ್ಸ್ ಆಗಿದ್ದರೆ ಅವತ್ತೇ ಡಾಕ್ಟರಿಗೆ ತೋರಿಸಲೇಬೇಕು, ಏಕೆಂದರೆ ಮಿದುಳು ಜ್ವರವೂ ಹೀಗೇ ಶುರುವಾಗಬಹುದು. ಕತ್ತು ಬಗ್ಗಿಸಲಾಗದಿದ್ದರೆ, ಫಿಟ್ಸ್ ನಿಂತ ಮೇಲೂ ಎಚ್ಚರ ಬಾರದಿದ್ದರೆ ಅದು ಸಾಧಾರಣ ಜ್ವರದ ಫಿಟ್ಸ್ ಅಲ್ಲ.

ಇಳಿದ ಮೇಲೂ ಎಚ್ಚರ ಬೇಡುವ ಜ್ವರ ಡೆಂಗಿ. 2024ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಆ ವರ್ಷ ನಮ್ಮ ಎರಡೂ ಜಿಲ್ಲೆಗಳಲ್ಲಿ ಕಾಣಿಸಿಕೊಂಡ ಹಾವಳಿ ಇನ್ನೂ ಜನರ ನೆನಪಿನಲ್ಲಿದೆ. ಹಗಲು ಕಚ್ಚುವ ಈಡಿಸ್ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿ ಹುಟ್ಟುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯಲ್ಲಿ, ಅಂಗಳದ ಹಳೆ ಟಯರಿನಲ್ಲಿ ನಿಂತ ಒಂದು ಹಿಡಿ ಮಳೆನೀರು ಅದಕ್ಕೆ ಸಾಕು. ಮೂರನೆಯ ದಿನದಿಂದ ಏಳನೆಯ ದಿನದ ನಡುವೆ ಜ್ವರ ಬಿಟ್ಟಾಗ ‘ಸದ್ಯ, ಬಿಟ್ಟಿತಲ್ಲ’ ಎಂದು ಎಲ್ಲರೂ ಉಸಿರು ಬಿಡುತ್ತಾರೆ. ರಕ್ತನಾಳದಿಂದ ದ್ರವ ಸೋರಿ ರಕ್ತದೊತ್ತಡ ಕುಸಿಯುವ ಹೊತ್ತು ಅದೇ. ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡಿನಲ್ಲೋ ಮೂಗಿನಲ್ಲೋ ರಕ್ತ, ಕಪ್ಪು ಮಲ, ತಣ್ಣನೆಯ ಕೈಕಾಲು, ಆರು ಗಂಟೆಯಾದರೂ ಮೂತ್ರ ಇಲ್ಲದಿರುವುದು, ಇವುಗಳಲ್ಲಿ ಒಂದು ಕಂಡರೂ ಆಸ್ಪತ್ರೆಗೆ ಸೇರಿಸಬೇಕು. ಪಪ್ಪಾಯಿ ಎಲೆ ರಸ ಹುಡುಕಿಕೊಂಡು ಹೊತ್ತು ಕಳೆಯಬೇಡಿ. ಡೆಂಗಿ ಇರಬಹುದೆಂಬ ಅನುಮಾನವಿದ್ದಾಗ ಐಬುಪ್ರೊಫೆನ್ ಬೇಡ, ಅದು ರಕ್ತಸ್ರಾವ ಹೆಚ್ಚಿಸಬಹುದು. ಕೊಪ್ಪ, ಎನ್.ಆರ್.ಪುರ, ಶೃಂಗೇರಿ ಕಡೆಯವರು ಡಿಸೆಂಬರಿನಿಂದ ಮೇವರೆಗೆ ಇನ್ನೊಂದನ್ನೂ ನೆನಪಿಡಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗಿನಿಂದ ಹರಡುತ್ತದೆ. ಆ ತಿಂಗಳುಗಳಲ್ಲಿ ಜ್ವರ ಬಂದರೆ ಮಗು ಕಾಡಿನ ಅಂಚಿಗೆ ಹೋಗಿತ್ತೇ, ಹತ್ತಿರದಲ್ಲಿ ಮಂಗ ಸತ್ತಿತ್ತೇ ಎಂಬುದನ್ನು ಡಾಕ್ಟರ್ ಕೇಳದಿದ್ದರೂ ನೀವೇ ಹೇಳಿ. ಮೈಗೆ ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ ಹಚ್ಚಬೇಡಿ, ಬೆಂಕಿ ತಾಗಿಸಬೇಡಿ. ಚಿಮಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರವಾಗಿ ಎಳೆದು ತೆಗೆದು, ಸೋಪು ಹಾಕಿ ತೊಳೆಯಿರಿ.

ಮಳೆಗಾಲದ ದೊಡ್ಡ ಭಯ ಕೆಮ್ಮು. ನೆಗಡಿ ಕೆಮ್ಮೋ ನ್ಯುಮೋನಿಯಾವೋ ಎಂದು ತಿಳಿಯಲು ಮನೆಯಲ್ಲೇ ಮಾಡಬಹುದಾದ ಒಂದು ಪರೀಕ್ಷೆಯಿದೆ. ಅದಕ್ಕೆ ಗಡಿಯಾರ ಬಿಟ್ಟು ಬೇರೇನೂ ಬೇಡ. ಮಗು ಅಳದೆ ಇರುವಾಗ, ಆದಷ್ಟು ಮಲಗಿರುವಾಗ, ಅಂಗಿ ಎತ್ತಿ ಎದೆ ಹೊಟ್ಟೆ ಕಾಣುವಂತೆ ಮಾಡಿ, ಬೆಳಕು ಬೀಳುವಂತೆ ನೋಡಿ. ಹೊಟ್ಟೆ ಒಮ್ಮೆ ಮೇಲೆದ್ದು ಇಳಿದರೆ ಒಂದು ಉಸಿರು. ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ, ಮಕ್ಕಳ ಉಸಿರು ಒಂದೇ ಲಯದಲ್ಲಿ ಇರುವುದಿಲ್ಲ. ಎರಡು ತಿಂಗಳೊಳಗಿನ ಕೂಸಿನಲ್ಲಿ 60, ಎರಡು ತಿಂಗಳಿಂದ ಒಂದು ವರ್ಷದವರೆಗೆ 50, ಒಂದರಿಂದ ಐದು ವರ್ಷದವರೆಗೆ 40. ಉಸಿರು ಈ ಅಂಕಿ ಮುಟ್ಟಿದರೆ ಅಥವಾ ದಾಟಿದರೆ ಅದು ವೇಗದ ಉಸಿರಾಟ, ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಬೇಕು. ಕೂಸಿನಲ್ಲಿ 60 ಬಂದರೆ ಇನ್ನೊಂದು ಸಲ ಎಣಿಸಿ ಖಚಿತ ಮಾಡಿಕೊಂಡು ತಕ್ಷಣ ಹೊರಡಿ.

ಎಣಿಸುವಾಗಲೇ ಎದೆಗೂಡಿನ ಕೆಳ ಅಂಚನ್ನೂ ಗಮನಿಸಿ. ಉಸಿರು ಎಳೆದುಕೊಳ್ಳುವಾಗ ಆ ಭಾಗ ಉಬ್ಬುವ ಬದಲು ಒಳಕ್ಕೆ ಹೋಗುತ್ತಿದ್ದರೆ ಅದೇ ಪಕ್ಕೆ ಸೆಳೆತ. ಉಸಿರಿಗೆ ಮಗು ಮೈಯ ಬಲವನ್ನೆಲ್ಲ ಹಾಕುತ್ತಿದೆ ಎಂದರ್ಥ. ಮೂಗಿನ ಹೊಳ್ಳೆ ಅರಳುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ನೀಲಿಯಾಗುವುದು ಜೊತೆಗಿದ್ದರೆ ಒಂದು ಕ್ಷಣವೂ ಕಾಯುವ ಮಾತಿಲ್ಲ. ದಾರಿಯಲ್ಲಿ ಮಗುವನ್ನು ಅಂಗಾತ ಮಲಗಿಸದೆ ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ, ಉಸಿರಾಟ ಸ್ವಲ್ಪ ಹಗುರಾಗುತ್ತದೆ.

ಸಾಮಾನ್ಯ ಕೆಮ್ಮಿಗೆ ಸಿರಪ್ ಬೇಕೇ ಬೇಕು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾರದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಮೂತ್ರಪಿಂಡ ಸೋತು ಸತ್ತ ಸುದ್ದಿ ಓದಿ ಸಂಕಟಪಡದವರು ಯಾರು? ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಡ ಎಂದು ಕೇಂದ್ರ ಆರೋಗ್ಯ ಇಲಾಖೆ ಆ ಅಕ್ಟೋಬರಿನಲ್ಲಿ ಸೂಚನೆ ಹೊರಡಿಸಿತು. ವರ್ಷ ತುಂಬಿದ ಮಗುವಿಗೆ ರಾತ್ರಿ ಅರ್ಧ ಚಮಚ ಜೇನು ಕೊಟ್ಟರೆ ಕೆಮ್ಮು ಹಗುರಾಗುತ್ತದೆ. ಕೊಡಗು-ಮಲೆನಾಡಿನ ಒಳ್ಳೆಯ ಜೇನೇ ಆದರೂ ವರ್ಷದೊಳಗಿನ ಕೂಸಿಗೆ ಮಾತ್ರ ನೆಕ್ಕಿಸಬೇಡಿ, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ಬೆಳೆದು ಮಾಂಸಖಂಡಗಳನ್ನು ನಿಶ್ಚೇಷ್ಟಗೊಳಿಸಬಲ್ಲದು. ಮೂಗು ಕಟ್ಟಿದರೆ ಔಷಧಿ ಅಂಗಡಿಯಲ್ಲಿ ಸಿಗುವ ಉಪ್ಪುನೀರಿನ ಹನಿ ಸಾಕು. ಕೊಬ್ಬರಿ ಎಣ್ಣೆ ಬಿಡಬೇಡಿ, ಅದು ನೇರ ಶ್ವಾಸಕೋಶಕ್ಕೆ ಇಳಿಯಬಹುದು. ಎಣ್ಣೆಯಲ್ಲಿ ಕರ್ಪೂರ ಕಾಯಿಸಿ ಎದೆಗೆ ಹಚ್ಚುವುದೂ ಚಿಕ್ಕ ಮಕ್ಕಳಿಗೆ ಬೇಡ. ಕರ್ಪೂರ ಸ್ವಲ್ಪ ಹೊಟ್ಟೆಗೆ ಹೋದರೂ ಫಿಟ್ಸ್ ಬರಬಹುದು.

ಹೊಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ತೋಟದ ಕೆಲಸಗಾರರು ಇರುವ ಲೈನ್ ಮನೆಗಳಲ್ಲಿ ಒಂದೇ ಕೋಣೆಯಲ್ಲಿ ಒಲೆ, ಹಾಸಿಗೆ ಎರಡೂ ಇರುತ್ತವೆ, ಮಳೆಗೆ ಸೌದೆ ಹಸಿ, ಬಾಗಿಲು ತೆರೆಯುವಂತಿಲ್ಲ. ನಮ್ಮ ತೋಟಗಳಿಗೆ ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದ ಕುಟುಂಬಗಳ ಮಕ್ಕಳು ಮಳೆಗಾಲವಿಡೀ ಕೆಮ್ಮುವುದಕ್ಕೆ ಇದು ದೊಡ್ಡ ಕಾರಣ. ಭಾಷೆ ಬಾರದೆ, ಎಲ್ಲಿ ಕೇಳಬೇಕೆಂದು ತಿಳಿಯದೆ ಲಸಿಕೆ ತಪ್ಪಿದ ಮಕ್ಕಳೂ ಅವರಲ್ಲೇ ಹೆಚ್ಚು ಎಂಬುದು ನನ್ನ ಕಾಣ್ಕೆ. ನ್ಯುಮೋನಿಯಾ ತಡೆಯುವ ಲಸಿಕೆ, ರೋಟಾವೈರಸ್ ಭೇದಿಯ ಹನಿ ಎರಡೂ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಉಚಿತ. ತೋಟದ ಮಾಲೀಕರು, ಲೆಕ್ಕಪತ್ರ ನೋಡುವ ರೈಟರುಗಳು ಆಶಾ ಕಾರ್ಯಕರ್ತೆಯನ್ನು ಒಮ್ಮೆ ಲೈನ್ ಹತ್ತಿರ ಕರೆಸಿದರೆ ಆಗುವ ಕೆಲಸ ಅದು. ಮನೆಗಳಲ್ಲಿ ಕೂಸಿಗೆ ಸ್ನಾನ ಮಾಡಿಸಿ ಸಾಂಬ್ರಾಣಿ ಹೊಗೆ ಹಿಡಿಯುವ ಪದ್ಧತಿಯನ್ನೂ ಕೆಮ್ಮಿರುವ ಮಗುವಿಗಾದರೂ ಬಿಡಿ.

ಘಟ್ಟದ ಅಂಚಿನಲ್ಲಿ ಉಸಿರಿನ ಕಾಯಿಲೆ ಹೇಗೋ, ಅರಸೀಕೆರೆ, ಕಡೂರು ಬಯಲಿನ ಬೇಸಿಗೆಗೆ ಭೇದಿ ಹಾಗೆ. ಭೇದಿಯಲ್ಲಿ ಮಗುವಿನ ಜೀವಕ್ಕೆ ಸಂಚಕಾರ ತರುವುದು ಮೈಯಿಂದ ಹೋಗುವ ನೀರು ಮತ್ತು ಉಪ್ಪು. ಅದಕ್ಕೆ ಭೇದಿ ನಿಲ್ಲಿಸುವ ಗುಳಿಗೆ ಮಕ್ಕಳಿಗೆ ಬೇಕಿಲ್ಲ, ಹೋದಷ್ಟನ್ನು ತುಂಬಿಕೊಡಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ನರಕ್ಕೆ ಹಾಕುವ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನೊಬಿಸ್ ಉಪ್ಪು, ಗ್ಲೂಕೋಸ್, ಸೋಡಾ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜನರನ್ನು ಉಳಿಸಿದರು. ಗ್ಲೂಕೋಸ್ ಜೊತೆಗಿದ್ದರೆ ಭೇದಿಯ ನಡುವೆಯೂ ಕರುಳು ಉಪ್ಪನ್ನು ಹೀರಿಕೊಳ್ಳುತ್ತದೆ, ಉಪ್ಪಿನ ಹಿಂದೆ ನೀರೂ ಒಳಹೋಗುತ್ತದೆ. ಒಆರ್‌ಎಸ್ ಪುಡಿಯ ಗುಟ್ಟು ಇಷ್ಟೇ. ಆದ್ದರಿಂದಲೇ ಅಳತೆ ತಪ್ಪಬಾರದು. ದೊಡ್ಡ ಪೊಟ್ಟಣವೆಂದರೆ ಪೂರ್ತಿ ಪೊಟ್ಟಣ, ಪೂರ್ತಿ ಒಂದು ಲೀಟರ್ ಕಾಯಿಸಿ ಆರಿಸಿದ ನೀರು. ಲೋಟದಲ್ಲಿ ಒಂದು ಚಿಟಿಕೆ ಹಾಕಿ ಕದಡಿದರೆ ಲೆಕ್ಕ ಕೆಡುತ್ತದೆ, ಗಾಢವಾದರೆ ಅಪಾಯವೇ ಆಗುತ್ತದೆ. ಕದಡಿದ್ದು 24 ಗಂಟೆಗೆ ಮುಗಿಯಬೇಕು, ಉಳಿದದ್ದನ್ನು ಚೆಲ್ಲಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಂಗಡಿಯ ಬಣ್ಣದ ಡಬ್ಬಿ ಪಾನೀಯಗಳ ಮೇಲೆ ಒಆರ್‌ಎಸ್ ಎಂಬ ಹೆಸರು ಬಹಳ ಕಾಲ ರಾರಾಜಿಸಿತು. ಅವುಗಳಲ್ಲಿ ಸಕ್ಕರೆ ಹೆಚ್ಚು, ಭೇದಿ ಇನ್ನಷ್ಟು ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜಿನಿ ಸಂತೋಷ್ ವರ್ಷಗಟ್ಟಲೆ ಹೋರಾಡಿದ ಮೇಲೆ 2025ರಲ್ಲಿ ಆ ಹೆಸರಿನ ಬಳಕೆಗೆ ತಡೆ ಬಿತ್ತು. ಕೊಳ್ಳುವಾಗ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವುದನ್ನೇ ಕೇಳಿ.

ಪ್ರತಿ ಸಲ ನೀರಾಗಿ ಹೋದಾಗ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕಿಂತ ದೊಡ್ಡವರಿಗೆ 100ರಿಂದ 200. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದೊಂದೇ ಚಮಚ ಕೊಡಿ. ಲೋಟ ಎತ್ತಿ ಕುಡಿಸಿದರೆ ನಿಲ್ಲದ್ದು ಚಮಚದಲ್ಲಿ ನಿಲ್ಲುತ್ತದೆ. ಎದೆಹಾಲು ನಿಲ್ಲಿಸಬಾರದು. ಉಪ್ಪು ಹಾಕಿದ ಗಂಜಿ, ಮಜ್ಜಿಗೆ, ಬಾಳೆಹಣ್ಣು, ಮೆತ್ತಗಿನ ಅನ್ನ ಎಲ್ಲ ಕೊಡಬಹುದು, ಹೊಟ್ಟೆಗೆ ‘ರೆಸ್ಟ್’ ಎಂದು ಉಪವಾಸ ಕೆಡವಬೇಡಿ. ಜೊತೆಗೆ ಜಿಂಕ್ ಗುಳಿಗೆ, ಆರು ತಿಂಗಳು ದಾಟಿದವರಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳವರಿಗೆ 10. ಭೇದಿ ಮೂರನೇ ದಿನಕ್ಕೆ ನಿಂತರೂ 14 ದಿನ ಮುಗಿಸಬೇಕು. ಮುಂದಿನ ತಿಂಗಳುಗಳಲ್ಲಿ ಭೇದಿ ಮರುಕಳಿಸುವುದನ್ನು ಅದು ಕಡಿಮೆ ಮಾಡುತ್ತದೆ. ಒಆರ್‌ಎಸ್, ಜಿಂಕ್ ಎರಡೂ ಆಶಾ ಕಾರ್ಯಕರ್ತೆಯ ಹತ್ತಿರವೇ ಸಿಗುತ್ತವೆ. ಕಣ್ಣು ಗುಳಿಬಿದ್ದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನಕ್ಕೆ ಕೆಳಗಿಳಿದರೆ, ಮಲದಲ್ಲಿ ರಕ್ತವಿದ್ದರೆ ಆಸ್ಪತ್ರೆಗೆ ಹೋಗಬೇಕು. ದಾರಿಯುದ್ದಕ್ಕೂ ಚಮಚ ನಿಲ್ಲಿಸಬೇಡಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ‘ಅಮ್ಮ’ (ಚಿಕನ್‌ಪಾಕ್ಸ್) ಬಂದಾಗ ಬೇವಿನ ಸೊಪ್ಪು ಇಡುವುದರಿಂದ ತೊಂದರೆಯಿಲ್ಲ, ಸ್ನಾನ ಮಾತ್ರ ನಿಲ್ಲಿಸಬೇಡಿ, ಗುಳ್ಳೆ ಕೀವಾಗುವುದು ಕೊಳೆಯಿಂದ. ಹಂಡೆಯ ಬಿಸಿನೀರು ಬಿದ್ದು ಸುಟ್ಟರೆ ನಲ್ಲಿ ನೀರಿನಡಿ 20 ನಿಮಿಷ ಹಿಡಿದು, ಶುದ್ಧ ಬಟ್ಟೆ ಸಡಿಲವಾಗಿ ಮುಚ್ಚಿ. ಕಾಫಿ ಪುಡಿ, ಟೂತ್‌ಪೇಸ್ಟ್ ಹಚ್ಚಿದರೆ ಗಾಯ ಕೆಡುತ್ತದೆ, ಡಾಕ್ಟರು ಅದನ್ನು ಕೆರೆದು ತೆಗೆಯುವಾಗ ಮಗು ಎರಡನೇ ಸಲ ನೋಯುತ್ತದೆ. ತೋಟಕ್ಕೆ ಹೊಡೆಯುವ ಔಷಧಿಯನ್ನು ಖಾಲಿ ನೀರಿನ ಬಾಟಲಿಗೆ ಬಗ್ಗಿಸಿಡುವ ಅಭ್ಯಾಸವನ್ನು ದಯವಿಟ್ಟು ಇವತ್ತೇ ಬಿಡಿ. ಮಗು ಕುಡಿದೇಬಿಟ್ಟರೆ ವಾಂತಿ ಮಾಡಿಸಬೇಡಿ, ಔಷಧಿಯ ಮೂಲ ಡಬ್ಬಿಯ ಸಮೇತ ಓಡಿ. ನಾಯಿ ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದು ಅವತ್ತೇ ಲಸಿಕೆ ಹಾಕಿಸಿ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಯೋ ಕಾಲೋ ಅಲುಗದಂತೆ ಮರದ ಪಟ್ಟಿಯ ಆಸರೆ ಕೊಟ್ಟು, ಮಗುವನ್ನು ನಡೆಸದೆ ಎತ್ತಿಕೊಂಡು ಹೋಗಿ. ನೆಲದಲ್ಲಿ ಮಲಗಿದ್ದ ಮಗು ಬೆಳಗ್ಗೆ ಎದ್ದು ಹೊಟ್ಟೆನೋವು ಎಂದು ಅತ್ತು, ರೆಪ್ಪೆ ಜೋತುಬೀಳುತ್ತಿದ್ದರೆ ಗಾಯ ಕಾಣದಿದ್ದರೂ ಕಟ್ಟುಹಾವಿನ ಕಡಿತವಿರಬಹುದು, ಅದು ಕಚ್ಚಿದ್ದು ಬಹಳ ಸಲ ಗೊತ್ತಾಗುವುದೇ ಇಲ್ಲ.

ಹೊರಡುವಾಗ ತಾಯಿ ಕಾರ್ಡ್, ಕೊಟ್ಟ ಔಷಧಿಗಳ ಬಾಟಲಿ, ಹೊತ್ತು ಬರೆದ ಚೀಟಿ ಕೈಯಲ್ಲಿರಲಿ. ಮಳೆಗಾಲ ಶುರುವಾಗುವ ಮೊದಲೇ ಊರಿನಲ್ಲಿ ಯಾರ ಜೀಪು ರಾತ್ರಿ ಸಿಗುತ್ತದೆ, ಯಾವ ರಸ್ತೆ ಮುಚ್ಚಿದರೆ ಯಾವುದರಲ್ಲಿ ಹೋಗಬಹುದು ಎಂದು ಕೇಳಿಟ್ಟುಕೊಳ್ಳಿ. 108ಕ್ಕೆ ಕರೆ ಮಾಡಿದಾಗ ತೋಟದ ಹೆಸರಿನ ಜೊತೆ ಹತ್ತಿರದ ಶಾಲೆಯನ್ನೋ ಬಸ್ ನಿಲ್ದಾಣವನ್ನೋ ಹೇಳಿ, ಮಗುವನ್ನು ಟಾರು ರಸ್ತೆಯವರೆಗೆ ಕರೆತಂದರೆ ಆಂಬುಲೆನ್ಸ್ ತೋಟದೊಳಗೆ ದಾರಿ ಹುಡುಕುವ ಹೊತ್ತು ಉಳಿಯುತ್ತದೆ. ಸಕಲೇಶಪುರ, ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಯಲ್ಲಿ ಮೊದಲ ಚಿಕಿತ್ಸೆ ಕೊಟ್ಟು ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ಗೋ ಚಿಕ್ಕಮಗಳೂರಿನ ಜಿಲ್ಲಾ ಆಸ್ಪತ್ರೆಗೋ ಕಳಿಸಿದರೆ, ಅಲ್ಲಿ ಕೊಟ್ಟ ಇಂಜೆಕ್ಷನ್ ಯಾವುದು, ಎಷ್ಟು ಹೊತ್ತಿಗೆ ಎಂದು ಬರೆಸಿಕೊಂಡೇ ಹೊರಡಿ. ಎಳೆ ಕೂಸಾದರೆ ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಒತ್ತಿಕೊಂಡು, ಮೇಲಿಂದ ಶಾಲು ಸುತ್ತಿ, ಮುಖ ಕಾಣುವಂತೆ ಇಟ್ಟುಕೊಂಡು, ಎಚ್ಚರವಿದ್ದು ಹೀರುವಷ್ಟು ಶಕ್ತಿ ಇದ್ದರೆ ದಾರಿಯಲ್ಲಿ ಹಾಲು ಕೊಡುತ್ತಾ ಕರೆದೊಯ್ಯಬೇಕು.